ಇಲ್ಲೇ ಹುಟ್ಟಿದ ಮಗುವಿಗೆ ಇಲ್ಲಿನ ಪಾಸ್‌ಪೋರ್ಟ್ ಯಾಕಿಲ್ಲ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬ ತಾಯಿ ಬರೆದದ್ದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅವರ ಆರು ವರ್ಷದ ಮಗ ಶಾಲೆಯಿಂದ ಬಂದವನೇ, "ನಾನು ಹುಟ್ಟಿದ್ದು ಇಲ್ಲೇ ಅಲ್ವಾ? ಮತ್ತೆ ನನ್ನ ಪಾಸ್‌ಪೋರ್ಟ್ ಯಾಕೆ ಇಂಡಿಯಾದ್ದು?" ಎಂದು ಕೇಳಿದನಂತೆ. ಅಪ್ಪ ಅಮ್ಮನಿಗೆ ಇನ್ನೂ ಐಎಲ್‌ಆರ್, ಅಂದರೆ ಇಲ್ಲಿ ಖಾಯಂ ಇರಲು ಅನುಮತಿ, ಸಿಕ್ಕಿಲ್ಲ. ಏನು ಹೇಳಬೇಕೋ ತೋಚಲಿಲ್ಲ ಎಂದು ಅವರು ಬರೆದಿದ್ದರು.

ಅದಕ್ಕೆ ಬಂದ ಉತ್ತರಗಳನ್ನೆಲ್ಲ ಓದಿದೆ. ಒಬ್ಬರು "ಎಲ್ಲ ಥ್ಯಾಚರ್ ಮಾಡಿದ್ದು, ಲೇಬರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ" ಅಂದರು. ಥ್ಯಾಚರ್ ಅಂದರೆ ಎಂಬತ್ತರ ದಶಕದ ಕನ್ಸರ್ವೇಟಿವ್ ಪ್ರಧಾನಿ, ಲೇಬರ್ ಅವರ ಎದುರು ಪಕ್ಷ. ಇನ್ನೊಬ್ಬರು "ಈ ದೇಶದ ರಾಜಕೀಯ ನಮಗ್ಯಾಕೆ, ಸುಮ್ನೆ ತಲೆ ತಗ್ಗಿಸಿಕೊಂಡು ಕೆಲಸ ಮಾಡಿ, ಐಎಲ್‌ಆರ್ ತಗೊಳ್ಳಿ" ಅಂದರು. ಎರಡನ್ನೂ ನಾನು ಒಪ್ಪುವುದಿಲ್ಲ. ನಾನು ಈ ದೇಶಕ್ಕೆ ಬಂದಿದ್ದು 1981ರಲ್ಲಿ. ಈ ಪ್ರಶ್ನೆಯನ್ನು ನನ್ನ ಮನೆಯಲ್ಲೇ ಕೇಳಿಸಿಕೊಂಡವಳು ನಾನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಡಾಕ್ಟರ್ ಓದು ಮುಗಿಸಿ ಹೆಚ್ಚಿನ ತರಬೇತಿಗೆಂದು ಇಲ್ಲಿಗೆ ಬಂದರು. ನಾವಿದ್ದದ್ದು ಲೆಸ್ಟರ್‌ನಲ್ಲಿ. ಮಗ ಹುಟ್ಟಿದ್ದು 1982ರ ನವೆಂಬರ್‌ನಲ್ಲಿ, ಬೋನ್‌ಫೈರ್ ನೈಟ್ ಎಂಬ ಇಲ್ಲಿನ ಪಟಾಕಿ ಹಬ್ಬ ಆದ ಮುಂದಿನ ವಾರ. ಮಗಳು ಹುಟ್ಟಿದ್ದು 1984ರ ಮಾರ್ಚ್‌ನಲ್ಲಿ. ಅದೇ ಆಸ್ಪತ್ರೆ, ಅದೇ ವಾರ್ಡ್, ಅದೇ ಅಪ್ಪ ಅಮ್ಮ. ನಮ್ಮ ವೀಸಾ ಕೂಡ ಅದೇ, ವರ್ಷ ವರ್ಷ ಮುದ್ರೆ ಒತ್ತಿಸಿಕೊಳ್ಳುವಂಥದ್ದು. ಆದರೆ ಮಗ ಹುಟ್ಟಿದ ಗಳಿಗೆಯಿಂದಲೇ ಬ್ರಿಟಿಷ್ ಪ್ರಜೆ. ಮಗಳು ಅಲ್ಲ.

ಅವರಿಬ್ಬರ ನಡುವೆ ಒಂದು ದಿನಾಂಕ ಬಂದುಬಿಟ್ಟಿತ್ತು: 1983ರ ಜನವರಿ 1. ಅಲ್ಲಿಯವರೆಗೆ ಈ ನೆಲದಲ್ಲಿ ಹುಟ್ಟಿದ ಮಗು ಈ ದೇಶದ್ದೇ. ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಬಿಟ್ಟರೆ ಬೇರೆ ಪ್ರಶ್ನೆಯೇ ಇರಲಿಲ್ಲ. ಥ್ಯಾಚರ್ ಸರ್ಕಾರ 1981ರಲ್ಲಿ ತಂದ ಬ್ರಿಟಿಷ್ ನ್ಯಾಷನಾಲಿಟಿ ಕಾಯ್ದೆ ಆ ದಿನ ಜಾರಿಗೆ ಬಂತು. ಆಮೇಲೆ ಹುಟ್ಟಿದ ಮಗುವಿನ ಅಪ್ಪ ಅಥವಾ ಅಮ್ಮ ಬ್ರಿಟಿಷ್ ಪ್ರಜೆಯಾಗಿರಬೇಕು, ಇಲ್ಲಾ ಇಲ್ಲಿ ಖಾಯಂ ಇರಲು ಅನುಮತಿ ಪಡೆದಿರಬೇಕು. ನಮಗೆ ಆ ಅನುಮತಿ ಸಿಕ್ಕಿದ್ದು 1987ರಲ್ಲಿ.

1986ರಲ್ಲಿ ಊರಿಗೆ ಹೋಗಿ ವಾಪಸ್ ಬರುವಾಗ ನಡೆದದ್ದು ಇನ್ನೂ ಕಣ್ಣ ಮುಂದಿದೆ. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಮಗ ನನ್ನ ಸೆರಗು ಹಿಡಿದು ನಿಂತಿದ್ದ. ಅಧಿಕಾರಿ ಮಗನ ಪಾಸ್‌ಪೋರ್ಟ್ ನೋಡಿ ಹಾಗೇ ಕೊಟ್ಟರು. ಮಗಳದ್ದನ್ನು ಮಾತ್ರ ಪುಟ ಪುಟ ತಿರುವಿದರು. "ಈ ಮಗು ಎಷ್ಟು ದಿನ ಇರುತ್ತದೆ?" ಎಂದು ಕೇಳಿದರು. ಒರಟಾಗಿ ಅಲ್ಲ, ಅವರ ಕೆಲಸ ಅವರು ಮಾಡಿದರು. ಆದರೆ ನನ್ನ ಗಂಟಲು ಕಟ್ಟಿತು. ತನ್ನ ಮನೆಗೆ ಬರುತ್ತಿರುವ ಎರಡು ವರ್ಷದ ಮಗು ಎಷ್ಟು ದಿನ ಇರುತ್ತದೆ ಅಂದರೆ ಏನು ಹೇಳಲಿ?

ಎರಡೂ ಪಾಸ್‌ಪೋರ್ಟ್ ಕಡುನೀಲಿ. ಮಗ ಸ್ವಲ್ಪ ದೊಡ್ಡವನಾದ ಮೇಲೆ ಅವೆರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದ. "ನನ್ನದರಲ್ಲಿ ಒಂದು ಸಿಂಹ, ಒಂದು ಕೊಂಬಿನ ಕುದುರೆ. ಪುಟ್ಟಿದರಲ್ಲಿ ಮೂರು ಸಿಂಹ. ಅವಳಿಗೆ ಯಾಕೆ ಜಾಸ್ತಿ?" ಎಂದು ಕೇಳಿದ. ಅವನ ಮನಸ್ಸಿನಲ್ಲಿ ಅನ್ಯಾಯ ಆಗಿದ್ದು ಅವನಿಗೇ. ಅವತ್ತು ನಾನು ಉತ್ತರ ಕೊಡದೆ ಮಾತು ಹಾರಿಸಿದೆ. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಮಕ್ಕಳು ಕೇಳಿದಾಗಲೇ ಹೇಳಿಬಿಡಬೇಕು.

ಹಾಗಾದರೆ ಎಲ್ಲ ಥ್ಯಾಚರ್ ತಪ್ಪಾ? ಅಷ್ಟು ಸುಲಭ ಇಲ್ಲ. ಮಕ್ಕಳಿಗೆ ಹೇಳುವಾಗ ಪೂರ್ತಿ ಹೇಳಬೇಕು. 1978ರ ಜನವರಿಯಲ್ಲಿ, ಇನ್ನೂ ವಿರೋಧ ಪಕ್ಷದಲ್ಲಿದ್ದಾಗ, ಆಕೆ ಟಿವಿಯಲ್ಲಿ ಮಾತಾಡಿದ್ದರು. ಬೇರೆ ಸಂಸ್ಕೃತಿಯ ಜನರಿಂದ ಮುಳುಗಿಹೋಗುತ್ತೇವೇನೋ ಎಂಬ ಹೆದರಿಕೆ ಇಲ್ಲಿನವರಿಗಿದೆ ಎಂದಿದ್ದರು. ಆ ಮಾತನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಆದರೆ ಅದಕ್ಕೆ ಹತ್ತು ವರ್ಷ ಮೊದಲೇ, 1968ರ ಫೆಬ್ರವರಿಯಲ್ಲಿ, ಕೀನ್ಯಾದಲ್ಲಿದ್ದ ಭಾರತೀಯರ ಮುಖಕ್ಕೆ ಬಾಗಿಲು ಹಾಕಿದ್ದು ಲೇಬರ್ ಸರ್ಕಾರ. ಅವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಮುಕ್ತವಾಗಿ ಬರುವಂತಿಲ್ಲ ಎಂಬ ಕಾಯ್ದೆ ಮೂರೇ ದಿನದಲ್ಲಿ ಪಾಸಾಯಿತು. ಆಗ ಪ್ರಧಾನಿ ಹೆರಾಲ್ಡ್ ವಿಲ್ಸನ್, ಗೃಹಮಂತ್ರಿ ಜೇಮ್ಸ್ ಕ್ಯಾಲಹನ್. ಇದೇ ವಿಲ್ಸನ್ ಸರ್ಕಾರ 1965ರಲ್ಲಿ, ಮತ್ತೆ 1968ರಲ್ಲಿ, ಜನಾಂಗ ಭೇದದ ವಿರುದ್ಧ ಕಾನೂನು ತಂದಿದ್ದೂ ನಿಜ. ಮನೆ ಬಾಡಿಗೆಗೆ ಕೊಡುವುದಿಲ್ಲ ಎಂದು ಬಣ್ಣ ನೋಡಿ ಹೇಳುವುದು ಅಪರಾಧವಲ್ಲದಿದ್ದರೂ ಕಾನೂನುಬಾಹಿರ ಆಯಿತು.

ಎಡ್ವರ್ಡ್ ಹೀತ್ ಹೆಸರು ಈಗಿನ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ನನಗೆ ಅವರ ಮೇಲೆ ತುಂಬ ಗೌರವ. 1968ರ ಏಪ್ರಿಲ್‌ನಲ್ಲಿ ಈನಾಕ್ ಪೊವೆಲ್ ಎಂಬ ಕನ್ಸರ್ವೇಟಿವ್ ಸಂಸದ ವಲಸೆ ಬಂದವರ ವಿರುದ್ಧ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಟುವಾದ ಭಾಷಣ ಮಾಡಿದಾಗ, ಮಾರನೇ ದಿನವೇ ಅವರನ್ನು ನೆರಳು ಸಂಪುಟದಿಂದ, ಅಂದರೆ ವಿರೋಧ ಪಕ್ಷದ ಮುಖ್ಯ ವಕ್ತಾರರ ತಂಡದಿಂದ, ತೆಗೆದುಹಾಕಿದ್ದು ಆಗ ಪಕ್ಷದ ನಾಯಕರಾಗಿದ್ದ ಹೀತ್. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಭಾರತೀಯರಿಗೆ 90 ದಿನದ ಗಡುವು ಕೊಟ್ಟು ಹೊರಗೆ ಹಾಕಿದಾಗ, ಪ್ರಧಾನಿಯಾಗಿದ್ದ ಹೀತ್ ಸುಮಾರು 28,000 ಜನರನ್ನು ಒಳಗೆ ಕರೆದುಕೊಂಡರು. ಅವರದ್ದು ಕನ್ಸರ್ವೇಟಿವ್ ಪಕ್ಷ. ಆ ಹೊತ್ತಿಗೆ ಲೆಸ್ಟರ್ ಕೌನ್ಸಿಲ್ ಉಗಾಂಡದ ಪತ್ರಿಕೆಯಲ್ಲಿ "ನಮ್ಮ ಊರಿಗೆ ಬರಬೇಡಿ" ಎಂಬ ಅರ್ಥದ ಜಾಹೀರಾತು ಹಾಕಿತ್ತು. ಜನ ಬಂದೇ ಬಂದರು. ನಾನು ಹೋದ ಹೊತ್ತಿಗೆ ಬೆಲ್‌ಗ್ರೇವ್ ರಸ್ತೆಯಲ್ಲಿ ಅವರ ಅಂಗಡಿಗಳು ಸಾಲುಗಟ್ಟಿ ನಿಂತಿದ್ದವು. ಬಾಣಂತಿಯಾಗಿದ್ದಾಗ ನನಗೆ ಬೇಕಾದ ಬೆಲ್ಲ, ಓಮ, ತೊಗರಿಬೇಳೆ ಎಲ್ಲ ಸಿಕ್ಕಿದ್ದು ಅಲ್ಲೇ. ಅಂಗಡಿಯ ಅಜ್ಜಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ನನಗೆ ಅವರ ಗುಜರಾತಿ ಬರುತ್ತಿರಲಿಲ್ಲ. ಮಗುವಿನ ಹೊಟ್ಟೆ ಮುಟ್ಟಿ ತೋರಿಸಿದೆ. ಅವರು ಓಮದ ಪೊಟ್ಟಣ ಕಟ್ಟಿ ಕೊಟ್ಟರು. ಹೀತ್ ಅವತ್ತು ಬೇಡ ಅಂದಿದ್ದರೆ ಆ ಅಂಗಡಿ ಇರುತ್ತಿರಲಿಲ್ಲ.

ಇನ್ನೊಂದು ವಿಷಯ, ಇದು ತಾಯಂದಿರಿಗೆ. ಚೈಲ್ಡ್ ಬೆನಿಫಿಟ್, ಅಂದರೆ ಮಕ್ಕಳ ಖರ್ಚಿಗೆ ಸರ್ಕಾರ ಕೊಡುವ ದುಡ್ಡು, ಯಾಕೆ ಅಮ್ಮನ ಹೆಸರಿಗೆ ಬಂತು ಗೊತ್ತಾ? ಮೊದಲು ಮಕ್ಕಳ ಲೆಕ್ಕದಲ್ಲಿ ಅಪ್ಪನ ಸಂಬಳಕ್ಕೆ ತೆರಿಗೆ ವಿನಾಯಿತಿ ಸಿಗುತ್ತಿತ್ತು. ಬಾರ್ಬರಾ ಕ್ಯಾಸಲ್ ಎಂಬ ಮಂತ್ರಿ ಹಠ ಹಿಡಿದು 1975ರಲ್ಲಿ ಹೊಸ ಕಾಯ್ದೆ ತಂದರು. ಗಂಡನ ಜೇಬಿನಲ್ಲಿ ಉಳಿಯುತ್ತಿದ್ದ ದುಡ್ಡು ಹೆಂಡತಿಯ ಪರ್ಸಿಗೆ ಬಂತು. ಕ್ಯಾಲಹನ್ ಪ್ರಧಾನಿಯಾದ ತಕ್ಷಣ ಆಕೆಯನ್ನು ಸಂಪುಟದಿಂದ ಕೈಬಿಟ್ಟರು, ಯೋಜನೆಯನ್ನೂ ಮುಂದಕ್ಕೆ ಹಾಕಲು ನೋಡಿದರು. ಆದರೂ 1979ರ ಏಪ್ರಿಲ್ ಹೊತ್ತಿಗೆ ಅದು ಪೂರ್ತಿ ಜಾರಿಯಾಗಿ, ಮಗುವಿಗೆ ವಾರಕ್ಕೆ 4 ಪೌಂಡ್ ಬರತೊಡಗಿತು. ನನಗೆ ಒಂದು ಪುಸ್ತಕ ಕೊಟ್ಟಿದ್ದರು, ಅದರ ಚೀಟಿ ಪೋಸ್ಟ್ ಆಫೀಸಿನಲ್ಲಿ ಕೊಟ್ಟರೆ ದುಡ್ಡು. ನನ್ನ ಹೆಸರಿನಲ್ಲಿ, ನನ್ನ ಸಹಿಗೆ, ನನ್ನ ಕೈಗೆ ಬಂದ ಮೊದಲ ದುಡ್ಡು ಅದು. ಅದರಲ್ಲೇ ಊರಿನಿಂದ ಕನ್ನಡದ ಕಥೆ ಪುಸ್ತಕ ತರಿಸುತ್ತಿದ್ದೆ. ಈಗ ವೀಸಾದಲ್ಲಿರುವ ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಸಿಗುವುದಿಲ್ಲ. ಅದು ಥ್ಯಾಚರ್ ನಂತರ ಪ್ರಧಾನಿಯಾದ ಜಾನ್ ಮೇಜರ್ ಕಾಲದಲ್ಲಿ, 1996ರಲ್ಲಿ, ಆದ ಬದಲಾವಣೆ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

ಮಗ ಶಾಲೆಗೆ ಸೇರಿದ ಹೊಸದರಲ್ಲಿ ಒಬ್ಬ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟುಬಿಡಿ, ಇಂಗ್ಲಿಷ್ ಒಂದೇ ಮಾತಾಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ" ಎಂದರು. ನಾನು ಹೆದರಿದೆ. ಮೂರು ತಿಂಗಳು ಮಗನ ಹತ್ತಿರ ಇಂಗ್ಲಿಷ್‌ನಲ್ಲೇ ಮಾತಾಡಿದೆ. ಅವನು ಅಜ್ಜಿಗೆ ಫೋನಿನಲ್ಲಿ "ಹಲೋ" ಅಂದು ಸುಮ್ಮನಾಗಿಬಿಟ್ಟ. ಆ ಕಡೆಯಿಂದ ನಮ್ಮತ್ತೆ "ಮಗೂ, ಮಾತಾಡೋ" ಅನ್ನುತ್ತಲೇ ಇದ್ದರು. ಅವತ್ತೇ ನಿಲ್ಲಿಸಿದೆ, ಕನ್ನಡಕ್ಕೆ ವಾಪಸ್ ಬಂದೆ.

ಬಹಳ ವರ್ಷದ ಮೇಲೆ ನನಗೆ ಗೊತ್ತಾಗಿದ್ದೇನೆಂದರೆ, ಆ ಟೀಚರ್ ಹೇಳಿದ್ದು ಇಲ್ಲಿನ ಸರ್ಕಾರಿ ವರದಿಗೇ ವಿರುದ್ಧವಾಗಿತ್ತು. 1972ರಲ್ಲಿ, ಶಿಕ್ಷಣ ಮಂತ್ರಿಯಾಗಿದ್ದ ಥ್ಯಾಚರ್ ಅವರೇ ನೇಮಿಸಿದ ಬುಲಕ್ ಸಮಿತಿ 1975ರಲ್ಲಿ ವರದಿ ಕೊಟ್ಟಿತು. ಶಾಲೆಯ ಹೊಸ್ತಿಲು ದಾಟುವಾಗ ಮನೆಯ ಭಾಷೆಯನ್ನು, ಸಂಸ್ಕೃತಿಯನ್ನು ಮಗು ಕಳಚಿಟ್ಟು ಬರಬೇಕು ಎಂದು ಯಾರೂ ಬಯಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಇದು ನನಗೆ ಆಗಲೇ ಗೊತ್ತಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತು.

ಆಮೇಲೆ 1985ರಲ್ಲಿ ಸ್ವಾನ್ ಎಂಬ ಇನ್ನೊಂದು ಸರ್ಕಾರಿ ಸಮಿತಿಯ ವರದಿ ಬಂತು. ಮನೆಭಾಷೆ ಉಳಿಯಬೇಕು, ಆದರೆ ಅದನ್ನು ಉಳಿಸುವ ಕೆಲಸ ಆಯಾ ಸಮುದಾಯದ್ದು, ಶಾಲೆ ಜಾಗ ಕೊಟ್ಟು ನೆರವಾಗಲಿ ಎಂದಿತು. 1988ರಲ್ಲಿ ಥ್ಯಾಚರ್ ಸರ್ಕಾರ ಇಡೀ ಇಂಗ್ಲೆಂಡಿಗೆ ಒಂದೇ ಪಠ್ಯಕ್ರಮ ತಂದಾಗ ಶಾಲೆಗಳು ಕಲಿಸಬಹುದಾದ 19 ವಿದೇಶಿ ಭಾಷೆಗಳ ಪಟ್ಟಿ ಮಾಡಿದರು. ಹಿಂದಿ, ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇದ್ದವು. ಕನ್ನಡ ಇರಲಿಲ್ಲ. ತಮಿಳು, ತೆಲುಗು ಕೂಡ ಇರಲಿಲ್ಲ. ನಾವು ಆಗ ಬೆರಳೆಣಿಕೆಯ ಮನೆಗಳು, ಕೇಳುವವರೂ ಇರಲಿಲ್ಲ. ಅದಕ್ಕೇ ಶನಿವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಿ ಎಂದು ನಾವು ಹಳಬರು ಪದೇ ಪದೇ ಹೇಳುವುದು. ಆ ಕೆಲಸ ನಮ್ಮದೇ ಎಂದು ಇಲ್ಲಿನ ಸರ್ಕಾರ ಆಗಲೇ ಹೇಳಿಬಿಟ್ಟಿತ್ತು.

ಗುಂಪಿನಲ್ಲಿ ದಿನಾ ನಡೆಯುವ ಶಾಲೆಯ ಮಾತು ಇದೆಯಲ್ಲ, ಯಾವ ಏರಿಯಾದಲ್ಲಿ ಮನೆ ತಗೊಳ್ಳಬೇಕು, ಯಾವ ಶಾಲೆ ಒಳ್ಳೆಯದು ಎಂದು, ಅದು ಜಾನ್ ಮೇಜರ್ ಬಿಟ್ಟುಹೋದದ್ದು. ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಬಂದಿದ್ದೂ, ಶಾಲೆಗಳ ಫಲಿತಾಂಶದ ಪಟ್ಟಿ ಮೊದಲು ಹೊರಬಂದಿದ್ದೂ 1992ರಲ್ಲಿ. ಮೇಜರ್ ಸ್ವತಃ ಹದಿನಾರರ ಹೊತ್ತಿಗೆ ಶಾಲೆ ಬಿಟ್ಟವರು, ಬ್ರಿಕ್ಸ್‌ಟನ್‌ನಲ್ಲಿ ಕಷ್ಟದಲ್ಲಿ ಬೆಳೆದವರು. ಫಲಿತಾಂಶ ನೋಡಿ ಮಗುವನ್ನು ಅಳೆಯುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಲೇಬರ್ ಪಕ್ಷದ ಟೋನಿ ಬ್ಲೇರ್ 1997ರ ಮೇ ತಿಂಗಳಲ್ಲಿ ಗೆದ್ದು ಬಂದ ಕೂಡಲೇ ಒಂದು ಒಳ್ಳೆಯ ಕೆಲಸ ಮಾಡಿದರು. ಅದಕ್ಕೆ ಮೊದಲು, ಇಲ್ಲಿರುವ ಹುಡುಗಿ ಊರಿನ ಹುಡುಗನನ್ನು ಮದುವೆಯಾದರೆ, ಈ ದೇಶಕ್ಕೆ ಬರುವುದೇ ಮದುವೆಯ ಮುಖ್ಯ ಉದ್ದೇಶ ಅಲ್ಲ ಎಂದು ಆ ಹುಡುಗ ಸಾಬೀತು ಮಾಡಬೇಕಿತ್ತು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಇದನ್ನು ಹೇಗೆ ಸಾಬೀತು ಮಾಡುವುದು? ನನ್ನ ಸ್ನೇಹಿತೆಯ ಮಗಳು ಮದುವೆಯಾಗಿ ಎರಡು ವರ್ಷ ಗಂಡನ ಪತ್ರಗಳನ್ನು ಫೈಲು ಮಾಡುತ್ತಾ ಕೂತಿದ್ದಳು. ಬ್ಲೇರ್ ಸರ್ಕಾರ ಸುಮಾರು ಒಂದೇ ತಿಂಗಳಲ್ಲಿ ಆ ನಿಯಮ ತೆಗೆಯಿತು. ಆದರೆ 1998ರಲ್ಲಿ ಕಾಲೇಜಿಗೆ ವರ್ಷಕ್ಕೆ 1,000 ಪೌಂಡ್‌ವರೆಗೆ ಶುಲ್ಕ ತಂದವರೂ ಅವರೇ. ನನ್ನ ಮಗ 2001ರಲ್ಲಿ ಸೇರಿದಾಗ ಕಟ್ಟಿದ್ದೇವೆ. ಈಗ ಅದು 9,000 ದಾಟಿದೆ.

ಕೊನೆಗೆ "ರಾಜಕೀಯ ನಮಗ್ಯಾಕೆ" ಅಂದವರಿಗೆ ಒಂದು ಮಾತು. 1983ರ ಜೂನ್ 9ರಂದು ನಾನು ಈ ದೇಶದಲ್ಲಿ ಓಟು ಹಾಕಿದೆ, ಇಂಡಿಯಾ ಪಾಸ್‌ಪೋರ್ಟ್ ಇಟ್ಟುಕೊಂಡೇ. ಏಳು ತಿಂಗಳ ಮಗ ಕಂಕುಳಲ್ಲಿದ್ದ. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನು ಪ್ರಕಾರ ನೆಲೆಸಿದ್ದರೆ ಓಟು ಹಾಕಬಹುದು. ಆಗಲೂ ಇತ್ತು, ಈಗಲೂ ಇದೆ. ವೀಸಾದಲ್ಲಿರುವ ನೀವೂ ಹೆಸರು ನೋಂದಾಯಿಸಿ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಇನ್ನು ಪ್ರಶ್ನೆ ಕೇಳಿದ ಆ ತಾಯಿಗೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಐಎಲ್‌ಆರ್ ಬಂದ ಕೂಡಲೇ ಮಗನನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಬಹುದು, ಅದು ಅವನ ಹಕ್ಕು. ನಮ್ಮ ಮಗಳಿಗೂ 1989ರಲ್ಲಿ ಹಾಗೇ ಮಾಡಿಸಿದೆವು. ಐಎಲ್‌ಆರ್ ತಡವಾದರೆ ಇನ್ನೊಂದು ದಾರಿಯೂ ಅದೇ 1981ರ ಕಾಯ್ದೆಯಲ್ಲಿದೆ. ಇಲ್ಲಿ ಹುಟ್ಟಿ ಮೊದಲ ಹತ್ತು ವರ್ಷ ಇಲ್ಲೇ ಬೆಳೆದ ಮಗು ತನ್ನ ಹಕ್ಕಿನಿಂದಲೇ ನೋಂದಾಯಿಸಿಕೊಳ್ಳಬಹುದು. ಆದರೆ ಆ ಹತ್ತರಲ್ಲಿ ಯಾವ ವರ್ಷವೂ 90 ದಿನಕ್ಕಿಂತ ಜಾಸ್ತಿ ಹೊರಗೆ ಇರಬಾರದು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಕಳಿಸುವಾಗ ದಿನ ಲೆಕ್ಕ ಇಡಿ, ಟಿಕೆಟ್‌ಗಳನ್ನು ಎತ್ತಿಡಿ.

ಮುಂದಿನ ಶನಿವಾರ ಕನ್ನಡ ತರಗತಿಗೆ ಮಗನನ್ನು ಕರೆದುಕೊಂಡು ಬನ್ನಿ. ನನ್ನ ಮಕ್ಕಳ ಆ ಎರಡು ಹಳೆಯ ಪಾಸ್‌ಪೋರ್ಟ್ ತರುತ್ತೇನೆ. ಮೂರು ಸಿಂಹ ಯಾವುದರಲ್ಲಿದೆ, ಕೊಂಬಿನ ಕುದುರೆ ಯಾವುದರಲ್ಲಿದೆ ಎಂದು ಅವನೇ ನೋಡಲಿ. ಉಳಿದದ್ದನ್ನು ನಾನು ಅವನಿಗೆ ಕನ್ನಡದಲ್ಲೇ ಹೇಳುತ್ತೇನೆ.