ಪದಚರ್ಚೆ: ಲಂಡನ್ ಹುಡುಗರ ‘ರೋಡ್’ ನಮ್ಮ ‘ಬೀದಿ’ಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ಡ್ರಿಲ್ ರ‍್ಯಾಪರ್ ಹೆಡಿ ಒನ್ ಬಗ್ಗೆ ಮಾಸಪತ್ರಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ‘ಬೀದಿ ಬದುಕಿನಿಂದ ಮುಖ್ಯವಾಹಿನಿಗೆ’ ಎಂದು ತಲೆಬರಹ ಕೊಟ್ಟರೆ ಸಂಪಾದಕರು ಕಣ್ಣುಮುಚ್ಚಿ ಒಪ್ಪುತ್ತಾರೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಅದರಲ್ಲಿರುವ ಎರಡು ಮಾತೂ ಕನ್ನಡದಲ್ಲಿ ಬೇರೆಯದೇ ಕತೆ ಹೇಳುತ್ತವೆ.

ಗೊತ್ತಿಲ್ಲದವರಿಗಾಗಿ ಚೂರು ಹಿನ್ನೆಲೆ. ಷಿಕಾಗೋದ ಸೌತ್ ಸೈಡ್ ಹುಡುಗರ ಆಡುಮಾತಿನಲ್ಲಿ ‘ಡ್ರಿಲ್’ ಅಂದರೆ ಎದುರು ಗುಂಪಿನ ಮೇಲೆ ಏರಿಹೋಗುವುದು, ಹಗೆ ತೀರಿಸಿಕೊಳ್ಳುವುದು. 2012ರಲ್ಲಿ ಚೀಫ್ ಕೀಫ್ ಎಂಬ ಹದಿಹರೆಯದ ಹುಡುಗನಿಂದಾಗಿ ಆ ಮಾತೇ ಹೆಸರಾದ ರ‍್ಯಾಪ್ ಹಾಡಿನ ಶೈಲಿ ಅಮೆರಿಕದಲ್ಲೆಲ್ಲ ಕೇಳಿಸಿತು. ಅದೇ ಲಂಡನ್ನಿನ ಬ್ರಿಕ್ಸ್‌ಟನ್ ಕಡೆ ಬೇರೂರಿ, ಜಾರುವ ಬೇಸ್ ದನಿ ಸೇರಿ ಬೇರೊಂದು ರೂಪ ತಾಳಿತು. ಈ ಪದವನ್ನು ‘ಡ್ರಿಲ್’ ಎಂದೇ ಉಳಿಸಿಕೊಳ್ಳುತ್ತೇನೆ.

ತೊಡಕಿರುವುದು ‘ರೋಡ್’ ಎಂಬಲ್ಲಿ. ಹೆಡಿ ಒನ್‌ನ 2019ರ ಮಿಕ್ಸ್‌ಟೇಪ್‌ನ (ಹಾಡುಗಳ ಸಂಕಲನ) ಹೆಸರಿನಲ್ಲೇ ‘ಮ್ಯೂಸಿಕ್’, ‘ರೋಡ್’ ಎರಡೂ ಅಕ್ಕಪಕ್ಕ ನಿಂತಿವೆ. ಲಂಡನ್ ಹುಡುಗರು ಒಬ್ಬನನ್ನು ‘ಆನ್ ರೋಡ್’ ಅಂದರೆ ಮಾದಕವಸ್ತು ಮಾರಿ ಬರುವ ದುಡ್ಡು, ಗುಂಪಿನ ನಿಷ್ಠೆ, ಅಲ್ಲಿ ಗಳಿಸಿದ ಹೆಸರು, ಪಕ್ಕದ ಏರಿಯಾಕ್ಕೆ ಕಾಲಿಡಲಾಗದ ಭಯ ಎಲ್ಲ ಅದರಲ್ಲಿ ಸೇರಿರುತ್ತದೆ. ನಮ್ಮಲ್ಲಿ ‘ಬೀದಿಗೆ ಬಿದ್ದ’ ಅಂದರೆ ಎಲ್ಲ ಕಳೆದುಕೊಂಡ. ‘ಬೀದಿಗಿಳಿದ’ ಅಂದರೆ ಪ್ರತಿಭಟನೆಗೆ ಹೊರಟ. ‘ಬೀದಿಗೆ ತಂದ’ ಅಂದರೆ ಮನೆಯ ಮಾನ ಕಳೆದ. ಮೂರರಲ್ಲಿ ಯಾವುದೂ ಹೊಂದುವುದಿಲ್ಲ.

ಜಾಗದ ಅರ್ಥದಲ್ಲೂ ಬೀದಿ ಕೂರುವುದಿಲ್ಲ. ಹೆಡಿ ಒನ್ ಬೆಳೆದದ್ದು ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್‌ನ ಬ್ರಾಡ್‌ವಾಟರ್ ಫಾರ್ಮ್ ವಸತಿ ಸಮುಚ್ಚಯದಲ್ಲಿ. 1967ರಲ್ಲಿ ಕಟ್ಟಲು ಶುರುಮಾಡಿದಾಗ, ತೊರೆ ಉಕ್ಕಿ ನೀರು ನುಗ್ಗೀತು ಅಂತ ನೆಲಮಟ್ಟವನ್ನು ಕಾರು ನಿಲ್ಲಿಸಲು ಬಿಟ್ಟು, ಮನೆಗಳನ್ನೆಲ್ಲ ಕಂಬಗಳ ಮೇಲೆ ಎತ್ತಿದ್ದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮೇಲಿನಿಂದಲೇ ಕಾಲುಹಾದಿ. 1985ರಲ್ಲಿ ಅಲ್ಲಿ ನಡೆದ ಗಲಭೆಯ ನಂತರ ಆ ಹಾದಿಗಳನ್ನು ಕೆಡವಿದರು. ಎದುರುಬದುರು ಹೊಸ್ತಿಲು, ಜಗಲಿ, ರಂಗೋಲಿ ಇರುವ ನಮ್ಮ ಬೀದಿಯ ಚಿತ್ರ ಓದುಗರ ಕಣ್ಣಿಗೆ ಬಂದರೆ ಆ ಹುಡುಗ ಎಲ್ಲಿ ನಿಂತಿದ್ದ ಅನ್ನುವುದೇ ತಪ್ಪಿಹೋಗುತ್ತದೆ.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಭೂಗತ ಲೋಕ’ ಡಾನ್‌ಗಳ ಮಟ್ಟದ್ದು, ಮೆಟ್ಟಿಲ ಬಳಿ ನಿಂತ ಹುಡುಗರಿಗೆ ಅತಿಯಾಯಿತು. ‘ರೌಡಿಸಂ’ ಪೊಲೀಸರೂ ಪತ್ರಿಕೆಯವರೂ ಹೊರಗಿನಿಂದ ಹಚ್ಚುವ ಹೆಸರು. ‘ದಾರಿ ತಪ್ಪಿದ’ ಅಂದರೆ ಮೊದಲೇ ತೀರ್ಪು ಕೊಟ್ಟ ಹಾಗೆ. ‘ಕೇರಿ’ಯಲ್ಲಿ ಜಾತಿಯ ಭಾರವಿದೆ, ಮುಟ್ಟುವುದಿಲ್ಲ. ಹತ್ತಿರ ಬಂದದ್ದು ಬೆಂಗಳೂರಿನ ‘ಫೀಲ್ಡ್’. ಫೀಲ್ಡಿಗಿಳಿದ, ಫೀಲ್ಡಲ್ಲಿದ್ದ, ಫೀಲ್ಡ್ ಬಿಟ್ಟ: ಒಳಗಿನವರೇ ಆಡುವ ಮಾತು, ವಾಕ್ಯದಲ್ಲೂ ‘ರೋಡ್’ ಥರವೇ ನಡೆಯುತ್ತದೆ. ಆದರೆ ಲಾಂಗು ಮಚ್ಚಿನ ಸಿನಿಮಾ ವಾಸನೆ ಹೊಡೆಯುತ್ತದೆ. ಜೊತೆಗೆ ನಾವು ಸಿನಿಮಾ, ಸಂಗೀತವನ್ನೂ ಫೀಲ್ಡ್ ಅನ್ನುತ್ತೇವಾದ್ದರಿಂದ ಆ ಮಿಕ್ಸ್‌ಟೇಪ್ ಹೆಸರಿನ ಎದುರುಬದುರೇ ಅಳಿಸಿಹೋಗುತ್ತದೆ.

ಇನ್ನು ‘ಮುಖ್ಯವಾಹಿನಿ’. ನನ್ನ ದೊಡ್ಡ ತಕರಾರು ಇದರ ಮೇಲೆ. ‘ಶರಣಾದ ನಕ್ಸಲರು ಮುಖ್ಯವಾಹಿನಿಗೆ’ ಎಂದು ಪತ್ರಿಕೆಗಳಲ್ಲಿ ಓದೀ ಓದೀ, ಈ ಪದಕ್ಕೆ ಹಳೆಯದನ್ನು ಬಿಟ್ಟು ಸರಿಹೋದವನು ಎಂಬ ಅರ್ಥ ಅಂಟಿಬಿಟ್ಟಿದೆ. ಹೆಡಿ ಒನ್ ಕತೆ ಹಾಗೆ ಸಾಗಿಲ್ಲ. 2019ರ ಜನವರಿಯಲ್ಲಿ ಡೇವ್ ಎಂಬ ಇನ್ನೊಬ್ಬ ಲಂಡನ್ ರ‍್ಯಾಪರ್ ಜೊತೆ ಹಾಡಿದ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. 2020ರ ಜನವರಿಯಲ್ಲಿ, ಚಾಕು ಇಟ್ಟುಕೊಂಡಿದ್ದಕ್ಕೆ ಆರು ತಿಂಗಳ ಸಜೆ ಆಯಿತು. ಅದೇ ಅಕ್ಟೋಬರಿನಲ್ಲಿ, ಮೂರು ವರ್ಷದವನಿದ್ದಾಗ ತೀರಿಕೊಂಡ ತಾಯಿಯ ಹೆಸರನ್ನೇ ಇಟ್ಟ ‘ಎಡ್ನಾ’ ಆಲ್ಬಂ ಮೊದಲ ಸ್ಥಾನಕ್ಕೆ ಬಂತು. ಒಂದು ದಡ ಬಿಟ್ಟು ಇನ್ನೊಂದು ಸೇರಿದ ಎಂದು ಬರೆಯುವಂತಿಲ್ಲ. ಖ್ಯಾತಿ, ಜೈಲು ಎರಡೂ ಹೆಣೆದುಕೊಂಡೇ ಬಂದಿವೆ. ‘ಮನೆಮಾತಾದ’ ಅಂದರೆ ಯಶಸ್ಸಷ್ಟೇ ಹೇಳಿದಂತಾಗಿ ಶರಣಾಗತಿಯ ನೆರಳು ಬೀಳುವುದಿಲ್ಲ. ಸದ್ಯ ಅದನ್ನೇ ಇಟ್ಟುಕೊಂಡಿದ್ದೇನೆ.

ಒಂದು ಪದಕ್ಕೆ ಇಷ್ಟು ಜಗ್ಗಾಟ ಯಾಕೆ ಎಂದು ಕೇಳಬಹುದು. ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ಡ್ರಿಲ್ ಹಾಡಿನ ಸಾಲುಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುತ್ತಾರೆ. ಈ ಪದಕ್ಕೆ ಈ ಅರ್ಥ ಎಂದು ಪೊಲೀಸ್ ಅಧಿಕಾರಿಯೇ ತಜ್ಞನಾಗಿ ನಿಂತು ವಿವರಿಸಿದ ಪ್ರಕರಣಗಳಿವೆ. ಹಾಡಿನ ಪೌರುಷದ ಮಾತು ತಪ್ಪೊಪ್ಪಿಗೆ ಆಗಿಬಿಡಬಹುದಾದ ಜಾಗ ಅದು. ಅಲ್ಲಿನ ಪದ ಇಲ್ಲಿಗೆ ತರುವಾಗ ನಾನೂ ಆ ಹುಡುಗರ ಮೇಲೆ ಇಲ್ಲದ್ದನ್ನು ಹೊರಿಸಬಾರದು.

ಹಾಗಾಗಿ ನನ್ನ ಕೋರಿಕೆ: ಕ್ರೈಂ ವರದಿಗಾರಿಕೆ ಮಾಡಿದವರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು, ಇಂಥ ಗುಂಪಿನಲ್ಲಿರುವ ಹುಡುಗರು ತಮ್ಮ ಬದುಕಿಗೆ ತಾವೇ ಆಡುವ ಮಾತು ಕೇಳಿದ್ದರೆ ತಿಳಿಸಿ. ಬಿಡಿ ಪದಕ್ಕಿಂತ, ಅದನ್ನು ಬಳಸಿದ ಒಂದು ವಾಕ್ಯ ಸಿಕ್ಕರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ‘ರೋಡ್’ ಎಂದೇ ಬರೆದು, ಮೊದಲ ಸಲ ಬಂದಲ್ಲಿ ಎರಡು ಸಾಲು ವಿವರಣೆ ಕೊಡುತ್ತೇನೆ.