ಬಳಗದ ಗುಂಪಿನಲ್ಲಿ ‘ಗುಂಯ್’ ಗಲಾಟೆ

ಮೈಸೂರು ಮಾವ: (ಫಾರ್ವರ್ಡ್ ಮಾಡಿದ ವಿಡಿಯೊ) “ಕಂಪ್ಯೂಟರ್ ಹಾಕಿದರೆ ಸ್ಪೀಕರ್ ಗುಂಯ್ ಎನ್ನುತ್ತಿದೆಯೇ? ಪ್ಲಗ್‌ನ ಅರ್ಥಿಂಗ್ ವೈರ್ ಕಳಚಿ, ಸಾವಿರಾರು ರೂಪಾಯಿ ಉಳಿಸಿ! ಎಲ್ಲರಿಗೂ ಕಳಿಸಿ 🙏”

ಮೈಸೂರು ಮಾವ: ನಿನ್ನೆ ಮಾಡಿ ನೋಡಿದೆ. ಆಂಪ್ಲಿಫೈಯರ್‌ನ ಪ್ಲಗ್ ಟಾಪ್ ಬಿಚ್ಚಿದೆ, ಹಸಿರು ವೈರ್ ತೆಗೆದು ಟೇಪ್ ಸುತ್ತಿದೆ. ಸದ್ದು ನಿಂತೇ ಹೋಯಿತು. ಸೂಪರ್ ಐಡಿಯಾ 👌

ಧಾರವಾಡ ಚಿಕ್ಕಮ್ಮ: ಭಾವಾ, ಮೊದಲು ಆ ಆಂಪ್ಲಿಫೈಯರ್ ಆಫ್ ಮಾಡಿ. ಜಗಳ ಆಮೇಲೆ ಆಡೋಣ.

ಮೈಸೂರು ಮಾವ: ಬಂತು ನೋಡಿ ಪಾಲಿಟೆಕ್ನಿಕ್! ಸದ್ದು ನಿಂತಿದೆ ಅಂದರೂ ತಪ್ಪಾ?

ಧಾರವಾಡ ಚಿಕ್ಕಮ್ಮ: ನಿಂತೇ ನಿಲ್ಲುತ್ತದೆ. ತೊಂದರೆ ಇರುವುದೇ ಅಲ್ಲಿ. ನಿಲ್ಲದಿದ್ದರೆ ಯಾರೂ ಈ ಕಿತಾಪತಿ ಮಾಡುತ್ತಿರಲಿಲ್ಲ.

ಸಾಗರದ ಅತ್ತೆ: ನನಗೆ ಬೇಜಾರು. ಆ ಗುಂಯ್ ಸದ್ದಿಗೆ ಶ್ರುತಿ ಸೇರಿಸಿಕೊಂಡು ಎರಡು ದೇವರನಾಮ ಹಾಡಿದ್ದೆ 😄

ಮೈಸೂರು ಮಾವ: ನನ್ನ ಡಿವಿಡಿ ಪ್ಲೇಯರ್‌ಗೆ ಮೊದಲಿಂದಲೂ ಎರಡೇ ಪಿನ್. ಹದಿನೈದು ವರ್ಷದಿಂದ ಯಾರಿಗೂ ಏನೂ ಆಗಿಲ್ಲ. ಇದಕ್ಕೆ ಮಾತ್ರ ಯಾಕೆ ಇಷ್ಟು ಹೆದರಿಸುತ್ತೀರಿ?

ಧಾರವಾಡ ಚಿಕ್ಕಮ್ಮ: ಪ್ಲೇಯರ್ ಹಿಂದುಗಡೆ ನೋಡಿ. ಚೌಕದೊಳಗೆ ಚೌಕ ಬರೆದಿರುತ್ತದೆ. ಒಳಗೆ ಡಬಲ್ ಇನ್ಸುಲೇಶನ್ ಇದೆ ಅಂತ ಅದರ ಅರ್ಥ. ಅರ್ಥಿಂಗ್ ಬೇಡದ ಹಾಗೆಯೇ ಅದನ್ನು ಮಾಡಿದ್ದಾರೆ. ನಿಮ್ಮ ಆಂಪ್ಲಿಫೈಯರ್ ಹಾಗಲ್ಲ. ತಗಡಿನ ಮೈ, ಆ ಹಸಿರು ವೈರನ್ನೇ ನಂಬಿದೆ. ಒಳಗೆ ಫೇಸ್ ವೈರ್ ಸಡಿಲಾಗಿ ತಗಡಿಗೆ ತಾಗಿದರೆ ಪೂರ್ತಿ 230 ವೋಲ್ಟ್ ಅಲ್ಲಿ ಬಂದು ಕೂರುತ್ತದೆ.

ಮೈಸೂರು ಮಾವ: ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಇದೆಯಲ್ಲ, ಬೀಳುತ್ತದೆ.

ಧಾರವಾಡ ಚಿಕ್ಕಮ್ಮ: ದೊಡ್ಡ ಕರೆಂಟ್ ಹರಿದರೆ ತಾನೇ ಬೀಳುವುದು? ಹರಿಯುವ ದಾರಿಯನ್ನೇ ನೀವು ಟೇಪ್ ಸುತ್ತಿ ಮುಚ್ಚಿದ್ದೀರಿ. ಈಗ ಉಳಿದಿರುವುದು ಆಡಿಯೊ ಕೇಬಲ್‌ನ ಹೊರಸುತ್ತಿನ ತೆಳ್ಳನೆ ತಂತಿಬಲೆ, ಅದೂ ಪಿಸಿ ಕಡೆಯಿಂದ. ಆ ಕೇಬಲ್ ಕಿತ್ತ ದಿನ ನೀವೇ ದಾರಿ. ಕರೆಂಟ್ ಸೋರಿದರೆ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇದ್ದರೆ ಬಚಾವ್ ಆಗಬಹುದು. ಆದರೆ ಅದು ಬೀಳುವುದು ನಿಮಗೆ ಹೊಡೆದ ಮೇಲೆ.

ಸ್ಯಾನ್ ಹೋಸೆ ಪುಟ್ಟ: ಇಲ್ಲಿ ಅಮೆರಿಕದಲ್ಲೂ ಇದೇ ಕಥೆ. ಮೂರು ಪಿನ್‌ನಿಂದ ಎರಡಕ್ಕೆ ಇಳಿಸುವ ತುಂಡಿಗೆ ‘ಚೀಟರ್ ಪ್ಲಗ್’ ಅನ್ನುತ್ತಾರೆ. ನಮ್ಮ ಗುಂಯ್ 60 ಹರ್ಟ್ಸ್, ನಿಮ್ಮದು 50. ಅಷ್ಟೇ ವ್ಯತ್ಯಾಸ.

ಸೌಂಡ್ ಸರ್ವಿಸ್ ಅಣ್ಣ: ನಿಜ ಹೇಳಬೇಕೆಂದರೆ ನಮ್ಮ ಫೀಲ್ಡಲ್ಲಿ ಹಳಬರು ಹೀಗೇ ಓಡಿಸುತ್ತಿದ್ದರು. ಮೈಕ್ ತುಟಿಗೆ ತಾಗಿದಾಗ ಚುರ್ ಅಂದದ್ದೂ ಉಂಟು.

ಮೈಸೂರು ಮಾವ: ನೋಡಿ! ಪ್ರೊಫೆಶನಲ್‌ಗಳೇ ಮಾಡುತ್ತಾರೆ.

ಸೌಂಡ್ ಸರ್ವಿಸ್ ಅಣ್ಣ: ಪೂರ್ತಿ ಓದಿ ಮಾವ. ಈಗ ವಾದ್ಯವನ್ನು ಮಿಕ್ಸರ್‌ಗೆ ಸೇರಿಸಲು ನಡುವೆ ಡಿಐ ಬಾಕ್ಸ್ ಬಳಸುತ್ತೇವೆ. ಅದರಲ್ಲಿ ‘ಗ್ರೌಂಡ್ ಲಿಫ್ಟ್’ ಅಂತ ಒಂದು ಸಣ್ಣ ಸ್ವಿಚ್ ಇದೆ. ಅದು ಆಡಿಯೊ ವೈರ್‌ನ ಗ್ರೌಂಡ್ ಬಿಡಿಸುತ್ತದೆ. ಕರೆಂಟ್ ಪ್ಲಗ್ ತಂಟೆಗೆ ಹೋಗುವುದಿಲ್ಲ.

ಧಾರವಾಡ ಚಿಕ್ಕಮ್ಮ: ಅದನ್ನೇ ಹೇಳುತ್ತಿದ್ದೇನೆ. ಪಿಸಿ ಮತ್ತು ಆಂಪ್ಲಿಫೈಯರ್ ಅರ್ಥಿಂಗ್ ಮೂಲಕ ಗೋಡೆಯೊಳಗೆ ಒಮ್ಮೆ ಸೇರಿವೆ. ಆಡಿಯೊ ಕೇಬಲ್‌ನ ಹೊರಬಲೆ ಅವೆರಡನ್ನು ಇನ್ನೊಂದು ಕಡೆಯಿಂದ ಸೇರಿಸುತ್ತದೆ. ಆಯಿತಲ್ಲ ಉಂಗುರ? ಎರಡು ಸಾಕೆಟ್‌ಗಳ ಅರ್ಥಿಂಗ್ ನಡುವೆ ಕೆಲವೇ ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಆ ಬಲೆಯಲ್ಲಿ ಕರೆಂಟ್ ಸುತ್ತುತ್ತದೆ. ಆಂಪ್ಲಿಫೈಯರ್‌ಗೆ ಚುಚ್ಚುವ ಆರ್‌ಸಿಎ ಆಡಿಯೊ ಕೇಬಲ್‌ನಲ್ಲಿ ಹಾಡು ವಾಪಸ್ ಹೋಗುವುದೂ ಅದೇ ಬಲೆಯಲ್ಲಿ. ಹಾಗಾಗಿ ಹಾಡಿನ ಜೊತೆ ಗುಂಯ್ ಕೂಡ ದೊಡ್ಡದಾಗಿ ಕೇಳುತ್ತದೆ. ಉಂಗುರವನ್ನು ಆಡಿಯೊ ಕಡೆ ಕತ್ತರಿಸಿ, ಅರ್ಥಿಂಗ್ ಕಡೆ ಅಲ್ಲ.

ಮೈಸೂರು ಮಾವ: ಸರಿ ಮಾರಾಯ್ತಿ, ಹಸಿರು ವೈರ್ ವಾಪಸ್ ಹಾಕಿದೆ. ಗುಂಯ್ ಕೂಡ ವಾಪಸ್ ಬಂತು. ಖುಷೀನಾ?

ಸೌಂಡ್ ಸರ್ವಿಸ್ ಅಣ್ಣ: ಪಿಸಿಯಿಂದ ಬರುವ ಕೇಬಲನ್ನು ಆಂಪ್ಲಿಫೈಯರ್‌ನಿಂದ ಕೀಳಿ. ಸದ್ದು ಇದೆಯಾ?

ಮೈಸೂರು ಮಾವ: ಇಲ್ಲ.

ಸೌಂಡ್ ಸರ್ವಿಸ್ ಅಣ್ಣ: ಸರಿ, ಆಂಪ್ಲಿಫೈಯರ್ ತಪ್ಪಲ್ಲ. ವಾಪಸ್ ಹಾಕಿ. ಟಿವಿ, ಸೆಟ್‌ಟಾಪ್ ಬಾಕ್ಸ್ ಏನಾದರೂ ಅದಕ್ಕೇ ಸೇರಿಸಿದ್ದೀರಾ?

ಮೈಸೂರು ಮಾವ: ಸೆಟ್‌ಟಾಪ್ ಬಾಕ್ಸ್ ಸೇರಿಸಿದ್ದೇನೆ. ಅದಕ್ಕೆ ಟೆರೇಸ್‌ನಿಂದ ಕೇಬಲ್ ಬರುತ್ತದೆ.

ಸೌಂಡ್ ಸರ್ವಿಸ್ ಅಣ್ಣ: ಆ ದಪ್ಪ ಕೇಬಲ್ ತಿರುಗಿಸಿ ಬಿಚ್ಚಿ ನೋಡಿ.

ಮೈಸೂರು ಮಾವ: ಅರೆ! ಅರ್ಧಕ್ಕರ್ಧ ಕಡಿಮೆ ಆಯಿತು. ಕೇಬಲ್‌ನವನಿಗೂ ಸ್ಪೀಕರ್‌ಗೂ ಏನು ಸಂಬಂಧ?

ಧಾರವಾಡ ಚಿಕ್ಕಮ್ಮ: ಅದರ ಹೊರಬಲೆ ಮೇಲೆ ಎಲ್ಲೋ ನೆಲ ಮುಟ್ಟಿರುತ್ತದೆ. ನಿಮ್ಮ ಮನೆಗೆ ಅದು ಇನ್ನೊಂದು ಅರ್ಥಿಂಗ್ ತಂದ ಹಾಗೆ. ಅಂದರೆ ಇನ್ನೊಂದು ಉಂಗುರ. ಈಗ ಪಿಸಿ ಎಲ್ಲಿದೆ, ಆಂಪ್ಲಿಫೈಯರ್ ಎಲ್ಲಿದೆ ಹೇಳಿ.

ಮೈಸೂರು ಮಾವ: ಹಾಲ್‌ನ ಆ ಮೂಲೆ, ಈ ಮೂಲೆ. ನಡುವೆ ಸೋಫಾ ಹಿಂದೆ ಉದ್ದದ ವೈರ್.

ಧಾರವಾಡ ಚಿಕ್ಕಮ್ಮ: ಒಳ್ಳೆಯ ಮೂರು ಪಿನ್ ಎಕ್ಸ್‌ಟೆನ್ಶನ್ ಬೋರ್ಡ್ ಒಂದನ್ನು ತನ್ನಿ. ಪಿಸಿ, ಆಂಪ್ಲಿಫೈಯರ್, ಟಿವಿ ಮೂರನ್ನೂ ಅದಕ್ಕೇ ಹಾಕಿ. 6 ಆಂಪ್ ಅಂದರೆ ಸುಮಾರು 1,380 ವಾಟ್, ನಿಮಗೆ ಸಾಕು. ಇಸ್ತ್ರಿ ಪೆಟ್ಟಿಗೆ ಮಾತ್ರ ಅಲ್ಲಿಗೆ ತರಬೇಡಿ. ಪಿಸಿಯನ್ನು ಆ ಕಡೆಗೇ ತಂದು ಆಡಿಯೊ ವೈರ್ ಗಿಡ್ಡ ಮಾಡಿ.

ಸ್ಯಾನ್ ಹೋಸೆ ಪುಟ್ಟ: ಇಷ್ಟೆಲ್ಲ ಯಾಕೆ? ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಬೆಳಕು ಹೋಗುತ್ತದೆ, ತಾಮ್ರವೇ ಇಲ್ಲ. ಟಾಸ್‌ಲಿಂಕ್ ಅನ್ನುವ ಈ ಕೇಬಲ್ 1983ರಿಂದ ಇದೆ.

ಸೌಂಡ್ ಸರ್ವಿಸ್ ಅಣ್ಣ: ಮಾವನ ಆಂಪ್ಲಿಫೈಯರ್ ಕ್ಯಾಸೆಟ್ ಕಾಲದ್ದು ಪುಟ್ಟ. ಆಪ್ಟಿಕಲ್ ತೂತು ಎಲ್ಲಿಂದ ಬರಬೇಕು? ಡಿಜಿಟಲ್ ಸಿಗ್ನಲನ್ನು ಮಾಮೂಲಿ ಆಡಿಯೊಗೆ ಬದಲಿಸುವ ಡ್ಯಾಕ್ ನಡುವೆ ಕೊಳ್ಳಬೇಕು. ಆಡಿಯೊ ಕೇಬಲ್‌ಗೆ ಆ ಉಂಗುರ ಕತ್ತರಿಸುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ಸಾಕು.

ಸ್ಯಾನ್ ಹೋಸೆ ಪುಟ್ಟ: ಅಗ್ಗದ ಐಸೊಲೇಟರ್ ಹಾಕಿದರೆ ಮೃದಂಗದ ಎಡಗಡೆ ಸತ್ತುಹೋಗುತ್ತದೆ ಅಣ್ಣ.

ಸೌಂಡ್ ಸರ್ವಿಸ್ ಅಣ್ಣ: ಅದು ಒಪ್ಪಿದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಕಬ್ಬಿಣ ಜಿಪುಣತನದಿಂದ ಹಾಕಿದ್ದರೆ ಬಾಸ್ ದಾಟುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ಒಳ್ಳೆಯದನ್ನು ತಗೊಳ್ಳಬೇಕು.

ಶಿರಸಿ ತಂಗಿ: ಒಂದು ಪ್ರಶ್ನೆ. ನನ್ನ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಮಾತ್ರ ಸ್ಪೀಕರ್ ಕಿರಿಕಿರಿ ಮಾಡುತ್ತದೆ.

ಸೌಂಡ್ ಸರ್ವಿಸ್ ಅಣ್ಣ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸು. ಸದ್ದು ಹೋದರೆ ಅದು ಚಾರ್ಜರ್ ದಾರಿಯಲ್ಲೇ ಬರುತ್ತಿದೆ. ಹಾಡು ಕೇಳುವಷ್ಟು ಹೊತ್ತು ಸುಮ್ನೆ ಬ್ಲೂಟೂತ್ ಹಾಕಿಕೋ.

ಮೈಸೂರು ಮಾವ: ಒಂದೇ ಬೋರ್ಡ್‌ಗೆ ಹಾಕಿದೆ. ಈಗ ವಾಲ್ಯೂಮ್ ಪೂರ್ತಿ ಏರಿಸಿ ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುತ್ತದೆ. ಟೆರೇಸ್ ಕೇಬಲ್ ಇನ್ನೂ ಹಾಕಿಲ್ಲ.

ಸಾಗರದ ಅತ್ತೆ: ಅಯ್ಯೋ, ರಾತ್ರಿ ನನ್ನ ಧಾರಾವಾಹಿ!

ಸೌಂಡ್ ಸರ್ವಿಸ್ ಅಣ್ಣ: ಅತ್ತೆ, ಸೆಟ್‌ಟಾಪ್ ಬಾಕ್ಸ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ವೈರ್ ಮಾತ್ರ ಕೀಳಿ. ಧಾರಾವಾಹಿಗೆ ಟಿವಿಯ ಸ್ಪೀಕರೇ ಸಾಕು.

ಧಾರವಾಡ ಚಿಕ್ಕಮ್ಮ: ಭಾವಾ, ಆ ವಿಡಿಯೊ ಡಿಲೀಟ್ ಮಾಡಿ.

ಮೈಸೂರು ಮಾವ: ಇಲ್ಲಿ ಮಾಡುತ್ತೇನೆ. ಆದರೆ ವಾಕಿಂಗ್ ಗುಂಪಿಗೂ ಅಪಾರ್ಟ್‌ಮೆಂಟ್ ಗುಂಪಿಗೂ ಮೊನ್ನೆಯೇ ಹೋಗಿದೆ.

ಧಾರವಾಡ ಚಿಕ್ಕಮ್ಮ: ಎರಡಕ್ಕೂ ನನ್ನನ್ನು ಸೇರಿಸಿ. ಈಗಲೇ.