ಎರೆಮಣ್ಣಿನ ಪ್ಲಾಟಿನಲ್ಲಿ ಪಾಯ ತೆಗೆಯುವ ಮುನ್ನ

ಪ್ರಶ್ನೆ, ಕಲಬುರಗಿ: ಸೇಡಂ ರಸ್ತೆಯ ಕಡೆ ನಮ್ಮದೊಂದು 30×40 ಅಡಿಯ ಪ್ಲಾಟಿದ್ದು, ಅಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಬೇಕೆಂದಿದ್ದೇವೆ. ನೆಲ ಪೂರ್ತಿ ಎರೆ. ಪಕ್ಕದವರು ಐದು ಅಡಿ ಪಾಯ ತೆಗೆದಿದ್ದಾರೆ, ನಿಮಗೂ ಅಷ್ಟೇ ಸಾಕು ಎನ್ನುತ್ತಾರೆ ಗೌಂಡಿ. ಮಣ್ಣಿನ ಪರೀಕ್ಷೆ ನಿಜಕ್ಕೂ ಬೇಕೇ? ಮಾಡಿಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ, ಕಲಬುರಗಿ: ನಾವೂ ಪಕ್ಕದ ಮನೆಯ ಪಾಯ ನೋಡಿಯೇ ನಮ್ಮದರ ಆಳ ನಿಶ್ಚಯಿಸಿದವರು. ಎರಡನೆಯ ಮಳೆಗಾಲದ ಹೊತ್ತಿಗೆ ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು, ಬೇಸಿಗೆಯಲ್ಲಿ ತಾನಾಗಿ ಸಡಿಲವಾಯಿತು, ಮರುವರ್ಷ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ಎರೆಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಗುರವಾದ ಮನೆಯನ್ನು ಅದು ಸುಲಭವಾಗಿ ಎತ್ತಿ ಇಳಿಸುತ್ತದೆ.

ಹಿಂಭಾಗದಲ್ಲಿ ಎರಡು ಕೋಣೆ ಸೇರಿಸುವಾಗ ಬುದ್ಧಿ ಬಂದು, ಎದುರುಬದುರು ಮೂಲೆಗಳಲ್ಲಿ ಗುಂಡಿ ತೋಡಿಸಿದೆವು. ಒಂದರಲ್ಲಿ ಆರು ಅಡಿಗೆ ಮುರುಂ, ಅಂದರೆ ಗಟ್ಟಿಯಾದ ಗರಸು ಮಣ್ಣು, ಸಿಕ್ಕರೆ ಇನ್ನೊಂದರಲ್ಲಿ ಒಂಬತ್ತು ಅಡಿಯಾದರೂ ಕರಿಮಣ್ಣೇ ಬರುತ್ತಿತ್ತು. ಒಂದೇ ಪ್ಲಾಟಿನಲ್ಲಿ ಇಷ್ಟು ಅಂತರವಿರುವಾಗ ಪಕ್ಕದವರ ಲೆಕ್ಕ ನಮಗೆ ಹೇಗೆ ಹೊಂದೀತು?

ಪ್ರಯೋಗಾಲಯದಲ್ಲಿ ಮಾಡಿದ ಪರೀಕ್ಷೆಯನ್ನು ನಾನು ನಿಂತು ನೋಡಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ 100 ಮಿ.ಲೀ.ನ ಎರಡು ಗಾಜಿನ ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ 24 ಗಂಟೆ ಬಿಟ್ಟರು. ಮರುದಿನ ಸೀಮೆಎಣ್ಣೆಯಲ್ಲಿ ಮಣ್ಣು 10ರ ಗೆರೆಯಲ್ಲೇ ಇತ್ತು, ನೀರಿನಲ್ಲಿ 18ಕ್ಕೆ ಏರಿತ್ತು. ಅಂದರೆ ಉಬ್ಬುವಿಕೆ ಶೇ. 80. ಅದನ್ನು ನೋಡಿದ ಇಂಜಿನಿಯರರು ಸಾದಾ ಪಾಯದ ಬದಲು ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು, ಅಂದರೆ ಪೈಲ್‌ಗಳನ್ನು 3.5 ಮೀಟರ್ ಇಳಿಸಲು ಹೇಳಿದರು. ಅಗೆದ ಎರೆಯನ್ನೇ ಮನೆಯ ನೆಲದಡಿ ತುಂಬಬೇಡಿ, ಮುರುಂ ತರಿಸಿ ಎಂದೂ ಎಚ್ಚರಿಸಿದರು.

ಬೋರ್ ಕೊರೆಸಿ ನೆಲದ ಗಟ್ಟಿತನ ಅಳೆಯಿಸಿದರೆ, ಕೊಳವೆಯನ್ನು ಮಣ್ಣಿಗೆ ಹೊಡೆದಿಳಿಸುವಾಗ ಹತ್ತಿರವೇ ನಿಂತು ಪೆಟ್ಟು ಎಣಿಸಿರಿ. 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ, ಮೊದಲ 15 ಸೆಂ.ಮೀ. ಬಿಟ್ಟು ಮುಂದಿನ 30 ಸೆಂ.ಮೀ. ಕೊಳವೆ ಇಳಿಯಲು ಬೇಕಾದ ಪೆಟ್ಟುಗಳೇ ಲೆಕ್ಕಕ್ಕೆ ಬರುತ್ತವೆ. ಕುಳಿತಲ್ಲೇ ವರದಿ ಬರೆಯುವವರೂ ಇದ್ದಾರೆ.

ಉತ್ತರ, ಶಹಾಬಾದ್: ನಮ್ಮ ಭಾವನವರ ಪ್ಲಾಟು ಹಳೆಯ ಕಲ್ಲಿನ ಖಣಿಯನ್ನು ಫರಸಿಯ ಚೂರು ಮತ್ತು ಮಣ್ಣಿನಿಂದ ಮುಚ್ಚಿ ಮಾಡಿದ್ದೆಂಬುದು ಗುಂಡಿಯಲ್ಲಿ ಪ್ಲಾಸ್ಟಿಕ್ ಚೀಲ ಸಿಕ್ಕಾಗಲೇ ತಿಳಿಯಿತು. ಊರಿನ ಹಿರಿಯರನ್ನು ಮೊದಲೇ ವಿಚಾರಿಸಿರಿ.

ಉತ್ತರ, ಬೀದರ್: ನಮ್ಮಲ್ಲಿ ಅಗೆದರೆ ಕೆಂಪು ಜಂಬಿಟ್ಟಿಗೆ ಕಲ್ಲು ಬೇಗ ಸಿಗುತ್ತದೆ, ಸಿಕ್ಕೊಡನೆ ಹಾರೆ ಕೆಳಗಿಡುವವರೇ ಹೆಚ್ಚು. ನಮ್ಮ ಜಾಗದಲ್ಲಿ ಕಲ್ಲಿನ ಪದರ ಎರಡೇ ಅಡಿಯಿದ್ದು, ಅದರಡಿ ಉಗುರು ಇಳಿಯುವಷ್ಟು ಮೆತ್ತನೆಯ ಜೇಡಿಯಿತ್ತು. ನೌಬಾದ್ ಕಡೆಯಾದರೆ ಬಹಮನಿ ಕಾಲದ ಸುರಂಗಬಾವಿ ಎಲ್ಲಿ ಹಾಯ್ದಿದೆ ಎಂಬುದನ್ನೂ ನೋಡಿಕೊಳ್ಳಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಹೋಳಿ ಹುಣ್ಣಿಮೆ ಕಳೆದ ಮೇಲೆ ಎರಡು ಗುಂಡಿ ತೋಡಿಸುತ್ತೇವೆ. ಆಗ ಎರೆ ಕಲ್ಲಿನಂತೆ ಗಟ್ಟಿಯಾಗಿರುತ್ತದಲ್ಲ, ಫಲಿತಾಂಶ ನಂಬಬಹುದೇ?

ಉತ್ತರ, ಕಲಬುರಗಿ: ಆ ಗಟ್ಟಿತನವನ್ನು ನಂಬಬೇಡಿ, ಮಾದರಿಯನ್ನು ನೆನೆಸಿಯೂ ಪರೀಕ್ಷಿಸಲು ಹೇಳಿರಿ. ಬೇಸಿಗೆಯಿಂದ ಇನ್ನೊಂದು ಅನುಕೂಲವುಂಟು: ನೆಲ ಬಾಯಿಬಿಟ್ಟ ಕಡೆ ತೆಳುವಾದ ಕೋಲು ಇಳಿಸಿ, ಎಷ್ಟು ಆಳ ಹೋಯಿತೆಂದು ಬರೆದಿಟ್ಟುಕೊಳ್ಳಿರಿ, ನಮ್ಮ ಇಂಜಿನಿಯರರು ಮೊದಲು ಕೇಳಿದ್ದೇ ಅದನ್ನು.